ಕರವಸ್ತ್ರ ಬಿಚ್ಚಿ ಕೇಳಿದ ರೇಟು

ಸ್ಟೀಲ್ ತಟ್ಟೆಗೆ ಒಣಗಿದ ಕರಿಮೆಣಸು ಬೀಳುವ ಸದ್ದು. ಮೊದಲು ಚಟಪಟ ಎಂದು ಶುರುವಾಗಿ, ಒಂದೆರಡು ಕಾಳು ಅಂಚಿಗೆ ಹೊಡೆದು ಮೇಜಿನ ಮೇಲೆ ಉರುಳಿ, ಆಮೇಲೆ ಮೆಣಸಿನ ಮೇಲೆ ಮೆಣಸು ಬೀಳುವ ಮೆತ್ತನೆಯ ಸದ್ದು. ನಮ್ಮ ಸಂಘದ ಶನಿವಾರದ ಮೀಟಿಂಗ್ ಪ್ರಾರ್ಥನೆಯಿಂದಲ್ಲ, ಇದರಿಂದ ಶುರುವಾಗುತ್ತಿತ್ತು. ಕಾನ್ವೆಂಟಿನ ಬೆಳಗಿನ ಬೆಲ್ ಕೇಳಿದರೆ ಬೆನ್ನು ತಾನಾಗಿ ನೆಟ್ಟಗಾಗುತ್ತಿದ್ದ ಹುಡುಗಿ ನಾನು. ಈ ಮುದಿ ವಯಸ್ಸಿನಲ್ಲಿ ನನ್ನ ಬೆನ್ನು ನೆಟ್ಟಗಾಗುತ್ತಿದ್ದದ್ದು ಆ ತಟ್ಟೆಯ ಸದ್ದಿಗೆ.

ನಮ್ಮದು ಆರ್ಥಿಕ ಪತ್ರಕರ್ತರ ಸಂಘ. ಹೆಸರು ಕೇಳಿ ಮುಂಬೈಯ ಶೇರುಪೇಟೆಯನ್ನು ನೆನೆಯಬೇಡಿ. ಕೊಡಗಿನ ಪತ್ರಿಕೆಗಳಿಗೆ ಕಾಫಿ, ಮೆಣಸಿನ ಧಾರಣೆ, ಸಹಕಾರ ಸಂಘಗಳ ಮಹಾಸಭೆ, ಬ್ಯಾಂಕಿನ ಸುದ್ದಿ ಬರೆಯುವ ಒಂದಿಷ್ಟು ಜನ, ಅಷ್ಟೆ. ಗೋಣಿಕೊಪ್ಪಲಿನ ಬಸ್ ಸ್ಟ್ಯಾಂಡ್ ಹತ್ತಿರ, ಬೇಕರಿಯ ಮಹಡಿಯಲ್ಲಿ ಒಂದು ಬಾಡಿಗೆ ರೂಮು. ಬಜೆಟ್ ದಿನ ಎಲ್ಲರೂ ಅಲ್ಲಿ ಟಿವಿ ಮುಂದೆ ಕೂತು, ಉಪ್ಪಿಟ್ಟು ತಿನ್ನುತ್ತ, ಭಾಷಣದಲ್ಲಿ ಎಲ್ಲಾದರೂ ಕಾಫಿಯ ಮಾತು ಬರುತ್ತದೋ ಎಂದು ಕಾಯುತ್ತಿದ್ದೆವು. ಸಾಮಾನ್ಯವಾಗಿ ಬರುತ್ತಿರಲಿಲ್ಲ. ಹೊಸ ವರದಿಗಾರರಿಗೆ ಬ್ಯಾಲೆನ್ಸ್ ಶೀಟ್ ಓದಲು ಕಲಿಸುವುದು ನನ್ನ ಪಾಲಿನ ಕೆಲಸ. "ಆಂಟಿ, ಲಾಭ ಎಲ್ಲಿದೆ ಅಂತ ಹೇಳ್ಬಿಡಿ, ಸಾಕು" ಎನ್ನುತ್ತಿದ್ದರು. "ಮೊದಲು ನಷ್ಟ ಎಲ್ಲಿ ಅಡಗ್ಸಿದ್ದಾರೆ ನೋಡು, ಡಿಯರ್" ಎನ್ನುತ್ತಿದ್ದೆ.

ತಟ್ಟೆಯ ಪದ್ಧತಿ ತಂದವರು ನಮ್ಮ ಅಧ್ಯಕ್ಷರು. ಕಾಲೇಜಿನಲ್ಲಿ ಕಾಮರ್ಸ್ ಕಲಿಸಿ ನಿವೃತ್ತರಾಗಿ, ಪತ್ರಿಕೆಗೆ ಅಂಕಣ ಬರೆಯುತ್ತಿದ್ದ ಮೇಷ್ಟ್ರು. ವರದಿಗಾರ ಫೋನು ಮಾಡಿದರೆ ವ್ಯಾಪಾರಿ ಒಂದು ರೇಟು ಹೇಳುತ್ತಾನೆ, ಮೂಟೆ ತಂದವನಿಗೆ ಅದಕ್ಕಿಂತ ಕಡಿಮೆ ಹೇಳುತ್ತಾನೆ ಎಂಬುದು ಅವರಿಗೆ ಗೊತ್ತಿತ್ತು. ಆದ್ದರಿಂದ ನಾವು ಮಾರುವವರ ಹಾಗೆ ಹೋಗಬೇಕು. ಮುಖ ಗುರುತಿಲ್ಲದ ಊರಿನ ಅಂಗಡಿಗೆ, ಕರವಸ್ತ್ರದಲ್ಲಿ ಒಂದು ಹಿಡಿ ಮೆಣಸು ಕಟ್ಟಿಕೊಂಡು. ಸ್ಯಾಂಪಲ್ ತೋರಿಸಿ ರೇಟು ಕೇಳುವುದು, "ಮನೇಲಿ ಕೇಳ್ಕೊಂಡು ಬರ್ತೀನಿ" ಎಂದು ಮುಂದಿನ ಅಂಗಡಿಗೆ ನಡೆಯುವುದು. ಶನಿವಾರ ಆ ಮೆಣಸನ್ನು ತಟ್ಟೆಗೆ ಸುರಿದವರಿಗೆ ಮಾತ್ರ ರೇಟು ಹೇಳುವ ಹಕ್ಕು. ಎಲ್ಲವನ್ನೂ ತಾಳೆ ನೋಡಿ ಒಂದು ರೇಟು ಗೊತ್ತುಮಾಡಿ, ನಮ್ಮೆಲ್ಲರ ಪತ್ರಿಕೆಗಳಲ್ಲಿ ಅದನ್ನೇ ಹಾಕುತ್ತಿದ್ದೆವು. ಕೂಡಿಟ್ಟ ಮೆಣಸು ವಾರ್ಷಿಕೋತ್ಸವದ ಊಟದ ಹಂದಿ ಕರಿಗೆ.

ಒಮ್ಮೆ ಕರಿಕೆ ಊರಿನ ಸದಸ್ಯರೊಬ್ಬರು ತಂದ ರೇಟು ಎಲ್ಲರದಕ್ಕಿಂತ ಮೇಲಿತ್ತು. ವ್ಯಾಪಾರಿ ಕುರ್ಚಿ ಕೊಟ್ಟನಂತೆ, ಕಾಫಿ ತರಿಸಿದನಂತೆ. ಮೇಷ್ಟ್ರು ಕನ್ನಡಕ ಏರಿಸಿ ಅವರ ಎದೆಯನ್ನೇ ನೋಡಿದರು.

"ಏನಯ್ಯಾ, ಇದನ್ನ ಹಾಕ್ಕೊಂಡೇ ಹೋಗಿದ್ದಾ?"

ಸಂಘದ ಬ್ಯಾಡ್ಜ್! 'ಪ್ರೆಸ್' ಎಂಬ ಕೆಂಪು ಅಕ್ಷರದ ಸಮೇತ ಜೇಬಿನ ಮೇಲೆ ಹೊಳೆಯುತ್ತಿತ್ತು.

"ಅಯ್ಯೋ, ನಂಗೆ ನೆಂಪೇ ಇಲ್ಲೆ ಸರ್. ಒಳ್ಳೆ ಅಂಗಿ ಇದೊಂದೇ ಇರುದು."

"ಕಾಫಿ ಜೊತೆ ಬಿಸ್ಕೆಟೂ ಕೊಟ್ರಾ?" ಎಂದು ತಿತಿಮತಿ ಊರಿನ ಸದಸ್ಯರು ಕೆಣಕಿದರು. ಮೇಷ್ಟ್ರು ಮಾತ್ರ ನಗಲಿಲ್ಲ. "ಇದು ಬ್ಯಾಡ್ಜಿಗೆ ಹೇಳಿದ ರೇಟು, ಮೆಣಸಿಗಲ್ಲ" ಎಂದು ಆ ರೇಟನ್ನು ಕೈಬಿಟ್ಟರು. ಅಂಥ ಮನುಷ್ಯ.

ಅದೇ ಮನುಷ್ಯ ಒಂದು ಶನಿವಾರ ಬರಿಗೈಯಲ್ಲಿ ಬಂದು ಹೊಸ ಸುದ್ದಿ ಹೇಳಿದರು. ದೊಡ್ಡ ಮೆಣಸಿನ ವ್ಯಾಪಾರಿಯೊಬ್ಬ ತನ್ನ ಹೊಸ ಕಾಂಪ್ಲೆಕ್ಸಿನಲ್ಲಿ ಸಂಘಕ್ಕೆ ಹಾಲ್ ಕೊಡುತ್ತಾನೆ. ಎಸಿ, ಲಿಫ್ಟ್, ಪ್ರೊಜೆಕ್ಟರ್; ಬಾಡಿಗೆ ಇಲ್ಲ. ಬದಲಿಗೆ ಒಂದೇ ಕೋರಿಕೆ: ದಿನಾ ಬೆಳಿಗ್ಗೆ ವ್ಯಾಪಾರಿಗಳೇ ವಾಟ್ಸಾಪಿನಲ್ಲಿ ರೇಟು ಕಳಿಸುತ್ತಾರೆ, ಪತ್ರಿಕೆಗಳು ಅದನ್ನೇ ಹಾಕಬೇಕು.

ನಾನು ಎದ್ದು ನಿಂತೆ. "ಅದು ಬ್ಯಾಡ್ಜಿನ ರೇಟು ಸರ್. ಪೇಪರ್ ನೋಡಿ ಜೀಪು ಮಾಡ್ಕೊಂಡು ಮೂಟೆ ತಂದವನಿಗೆ ಅಂಗಡೀಲಿ 'ನಿನ್ನ ಮಾಲು ಹಸಿ, ಜೊಳ್ಳು' ಅಂತಾರೆ. ಅವನು ತಿರುಗಿ ಹೊತ್ಕೊಂಡು ಹೋಗ್ತಾನಾ? ಹೇಳಿದ್ದಕ್ಕೆ ಕೊಟ್ಟು ಹೋಗ್ತಾನೆ. ಅವನನ್ನ ಕರ್ಕೊಂಡು ಬರೋದು ನಾವು."

"ಮೇಡಂ, ಈ ಮೆಟ್ಟಿಲು ಹತ್ತೋಕೆ ನನ್ನ ಮಂಡಿ ಕೇಳ್ಬೇಕಲ್ಲ" ಎಂದರು ಮೇಷ್ಟ್ರು. "ನಮಗೆಲ್ಲ ವಯಸ್ಸಾಯ್ತು. ಕರವಸ್ತ್ರ ಹಿಡ್ಕೊಂಡು ಇನ್ನೆಷ್ಟು ದಿನ ನಾಟಕ ಆಡೋದು?"

"ಮಂಡಿ ನಿಮ್ಮದು ಸರ್. ರೇಟು ಬೆಳೆದವರದ್ದು."

ಕೈ ಎತ್ತಿಸಿದರು. ವಿರೋಧಕ್ಕೆ ಎದ್ದದ್ದು ನನ್ನದೊಂದೇ ಕೈ. ಕರಿಕೆಯವರ ಕೈ ಅರ್ಧ ಎದ್ದು, ತಲೆ ಕೆರೆದುಕೊಂಡು ಕೆಳಗಿಳಿಯಿತು. "ಐ ಡಿಸೆಂಟ್" ಎಂದೆ, ಸಿಸ್ಟರುಗಳು ಕಲಿಸಿದ ಇಂಗ್ಲಿಷಿನಲ್ಲಿ, ಒಂದೊಂದು ಅಕ್ಷರವನ್ನೂ ಬಿಡಿಸಿ. ಆಮೇಲೆ ಮೇಜಿನ ಮೇಲಿದ್ದ ತಟ್ಟೆಯನ್ನು ಒರೆಸಿ ಬ್ಯಾಗಿಗೆ ಹಾಕಿಕೊಂಡೆ. ಅದು ನನ್ನ ಮನೆಯಿಂದ ತಂದ ತಟ್ಟೆ. ಎಸಿ ಹಾಲಿನಲ್ಲಿ ಅದಕ್ಕೇನು ಕೆಲಸ?

ಅಂದಿನಿಂದ ನಾನೊಬ್ಬಳೇ ಹೊರಟೆ. ಕೊಡೆ ಊರಿಕೊಂಡು ಬರುವ ಬಿಳಿ ಕೂದಲಿನ ಹೆಂಗಸನ್ನು ಯಾರು ಪತ್ರಕರ್ತೆ ಎಂದುಕೊಳ್ಳುತ್ತಾರೆ? ನಾನು ಬರೆಯುವ ಸಣ್ಣ ವಾರಪತ್ರಿಕೆಯಲ್ಲಿ ನನ್ನ ರೇಟು ಬರುತ್ತಿತ್ತು. ಅದರ ಕೆಳಗೆ ಒಂದು ಸಾಲು: ಅಂಗಡಿಗೆ ಹೋಗಿ ಕೇಳಿದ್ದು. ಉಳಿದ ಪತ್ರಿಕೆಗಳ ರೇಟಿಗಿಂತ ನನ್ನದು ಯಾವಾಗಲೂ ಕಡಿಮೆ. "ಅಜ್ಜೀ, ಮಾರ್ಕೆಟ್ ಹಾಳು ಮಾಡ್ತಿದ್ದೀರಿ. ಮನೇಲಿ ರೆಸ್ಟ್ ತಗೊಳ್ಳಿ" ಎಂದು ಹೆಸರು ಹೇಳದವರ ಫೋನು ಬಂತು. "ರೆಸ್ಟು ಆಮೇಲೆ ಹೇಗೂ ಇದೆಯಲ್ಲಪ್ಪಾ. ಇವತ್ತು ನಿಮ್ಮ ಅಂಗಡೀಲಿ ಎಷ್ಟು?" ಎಂದು ಕೇಳಿದೆ. ಕಟ್ ಮಾಡಿದರು. ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸೊಬ್ಬಳು, "ನಿಮ್ಮ ಪೇಪರ್ ನೋಡಿ ಈ ವಾರ ಮೂಟೆ ಮನೇಲೇ ಇಟ್ಟೆ ಅಕ್ಕಾ" ಎಂದಳು. ನನಗೆ ಬೇರೆ ಹಾಲ್ ಯಾಕೆ ಬೇಕು?

ಆದರೂ ಶನಿವಾರ ಬಂದರೆ ಆ ರೂಮಿನ ನೆನಪು. ಕೆಳಗಿನ ಬೇಕರಿಯ ಬನ್ನಿನ ವಾಸನೆ, ಮೇಷ್ಟ್ರು ಮೆಟ್ಟಿಲು ಹತ್ತುವಾಗಿನ ಉಸಿರು. ಜಗಳ ಮುಗಿದರೂ ನಾವು ಫೋನು ಮಾಡಿಕೊಳ್ಳಲಿಲ್ಲ. ನಾನಾಗಿ ಮಾಡುವವಳೂ ಅಲ್ಲ.

ಅವರನ್ನು ಕೊನೆಯ ಸಲ ನೋಡಿದ್ದು ಸಿದ್ದಾಪುರದಲ್ಲಿ. ನಾನು ಮೆಣಸಿನ ಅಂಗಡಿಯೊಂದಕ್ಕೆ ಹೋದಾಗ, ಮೂಟೆಗಳ ನಡುವೆ ನನಗೆ ಬೆನ್ನು ಹಾಕಿ ನಿಂತ ಮುದುಕರೊಬ್ಬರು ಕರವಸ್ತ್ರ ಬಿಚ್ಚುತ್ತಿದ್ದರು. ವ್ಯಾಪಾರಿ ಒಂದು ಕಾಳು ಕಚ್ಚಿ ನೋಡಿ ರೇಟು ಹೇಳಿದ.

"ಮನೇಲಿ ಕೇಳ್ಕೊಂಡು ಬರ್ತೀನಪ್ಪಾ."

ಆ ದನಿ! ಮೇಷ್ಟ್ರ ಹೆಂಡತಿ ತೀರಿಹೋಗಿ ಬಹಳ ಕಾಲವಾಗಿತ್ತು. ಮನೆಯಲ್ಲಿ ಕೇಳಲು ಯಾರೂ ಇರಲಿಲ್ಲ.

ತಿರುಗಿದವರು ನನ್ನನ್ನು ಕಂಡು ಕರವಸ್ತ್ರ ಮುದುರಿದರು. ರಸ್ತೆಗೆ ಬಂದ ಮೇಲೆ, "ಕಷಾಯಕ್ಕೆ ಮೇಡಂ, ಕೆಮ್ಮು" ಎಂದರು.

"ಕಷಾಯದ ಮೆಣಸಿಗೂ ರೇಟು ಕೇಳ್ತಾರಾ ಸರ್?"

ನನ್ನ ಕೊಡೆಯ ಕೆಳಗೆ ಬಗ್ಗಿ, ಅಂಗಡಿಯವನು ಹೇಳಿದ ರೇಟನ್ನು ಪಿಸುಗುಟ್ಟಿದರು. "ಹಾಕಿ. ನಾನು ಹೇಳಿದ್ದು ಅಂತ ಬರೀಬೇಡಿ."

"ತಟ್ಟೆಗೆ ಸುರಿಯದೆ ರೇಟು ತಗೊಳ್ಳೋ ಹಾಗಿಲ್ಲ. ನೀವೇ ಮಾಡಿದ ರೂಲು."

ತಟ್ಟೆ ಮನೆಯಲ್ಲಿತ್ತು. ಟಿಫಿನ್ ಡಬ್ಬಿಯ ಮುಚ್ಚಳ ತೆಗೆದು ಹಿಡಿದೆ. ಮೇಷ್ಟ್ರು ಕರವಸ್ತ್ರ ಬಿಚ್ಚಿ ಸುರಿದರು. ಚಟಪಟ.

ಅಷ್ಟರಲ್ಲಿ ವಿರಾಜಪೇಟೆಯ ಬಸ್ಸು ಬಂತು. ಮಂಡಿ ಹಿಡಿದುಕೊಂಡು ಹತ್ತಿ, ಕಿಟಕಿಯ ಪಕ್ಕ ಕೂತು, ಅದೇ ಕರವಸ್ತ್ರದಿಂದ ಮುಖ ಒರೆಸಿಕೊಂಡರು. ಒರೆಸಿಕೊಂಡದ್ದೇ ಸೀನು ಶುರುವಾಯಿತು. ಬಸ್ಸು ತಿರುವು ದಾಟುವವರೆಗೂ ಸೀನುತ್ತಲೇ, ನನಗೆ ಕೈ ಬೀಸುತ್ತಲೇ ಇದ್ದರು.