ಸುಳ್ಳು ಹೇಳಿದ ಪ್ಯಾಂಟು

ಗರಗಸ ಮಾಸ್ಟರ್ ಬೈಯಲು ಶುರು ಮಾಡಿದರೆ ನಮ್ಮ ಬೀದಿಯ ನಾಯಿಗಳು ಪಕ್ಕದ ಬೀದಿಗೆ ವರ್ಗ ಮಾಡಿಸಿಕೊಳ್ಳುತ್ತಿದ್ದವು. ಅವನ ಇಸ್ತ್ರಿಪೆಟ್ಟಿಗೆಗೆ ಕರೆಂಟು ಬೇಕಾಗಿರಲಿಲ್ಲ. ಅವನು ಒಮ್ಮೆ ದುರುಗುಟ್ಟಿ ನೋಡಿದರೆ ಸಾಕು, ತಾನಾಗಿಯೇ ಕಾಯುತ್ತಿತ್ತು. ಪಕ್ಕದ ಅಂಗಡಿಯಲ್ಲಿ ಕೊಡೆಯ ಕಡ್ಡಿ ಸರಿಮಾಡುತ್ತ ಕೂತ ನಾನು ಇದನ್ನೆಲ್ಲ ಕಣ್ಣಾರೆ ಕಂಡವನು. ನಂಬಿಕೆ ಬಾರದಿದ್ದರೆ ನಾಯಿಗಳನ್ನೇ ಕೇಳಿ.

ಕಸುಬಿನಲ್ಲಿ ಅವನು ದರ್ಜಿ. ಗಂಡಸರ ಪ್ಯಾಂಟು, ಕೋಟು ಹೊಲಿಯುತ್ತಿದ್ದ. ನಾಲಿಗೆಯ ಹರಿತ ನೋಡಿ ಬೀದಿಯವರು ಗರಗಸ ಎಂದು ಹೆಸರಿಟ್ಟಿದ್ದರು. ಅದನ್ನು ಬೋರ್ಡಿನ ಮೇಲೂ ಬರೆಸಲು ಹೊರಟಿದ್ದ, ಆದರೆ ಬೋರ್ಡು ಬರೆಯುವವನ ಜೊತೆಗೂ ಜಗಳವಾಗಿ ಬೋರ್ಡೇ ಇಲ್ಲವಾಯಿತು. ಆದರೂ ಗಿರಾಕಿಗಳು ಬಿಟ್ಟುಹೋಗುತ್ತಿರಲಿಲ್ಲ. ಅವನು ಹೊಲಿದ ಪ್ಯಾಂಟು ಹಾಕಿದರೆ ಸಾಲ ವಸೂಲಿಗೆ ಬಂದವನೂ ಮದುಮಗನಂತೆ ಕಾಣುತ್ತಿದ್ದ.

ಒಮ್ಮೆ ಗುಡಾಣದಂಥ ಹೊಟ್ಟೆಯವರೊಬ್ಬರು ಉಸಿರು ಬಿಗಿಹಿಡಿದು ಅಳತೆಗೆ ನಿಂತಿದ್ದರು.

“ಸೊಂಟ ಸ್ವಲ್ಪ ಕಮ್ಮಿ ಇಟ್ಕೊಳ್ಳಿ ಮಾಸ್ಟ್ರೇ. ತೂಕ ಇಳಿಸ್ತಾ ಇದ್ದೀನಿ.”

“ಇಳಿಸಿದ ಮೇಲೆ ಬನ್ನಿ. ಟೇಪು ನಿಮ್ಮ ಭಾಮೈದ ಅಲ್ಲ, ನಿಮಗೆ ಬೇಕಾದ ಹಾಗೆ ಮಾತಾಡೋಕೆ.”

ಅಂಗಡಿಯ ಮೇಲೆಯೇ ಅವನ ಮನೆ. ಅಲ್ಲಿ ಅವನಿಗೆ ತಕ್ಕ ಜೋಡಿ ಅವನ ಹೆಂಡತಿ. ಇವನು ಒಂದು ಅಂದರೆ ಆಕೆ ಮೂರು. ಆ ಜಗಳ ಕೇಳಿಕೊಂಡೇ ನಾನು ಬೆಳಗಿನ ಟೀ ಕುಡಿಯುವವನು. ರೇಡಿಯೋ ಖರ್ಚು ಉಳಿದದ್ದು ಹಾಗೆ. ಮಕ್ಕಳಿರಲಿಲ್ಲ. ಇದ್ದಿದ್ದರೂ ಅವಕ್ಕೆ ಮಾತಾಡಲು ಸರದಿ ಸಿಗುತ್ತಿರಲಿಲ್ಲ.

ಹೀಗಿದ್ದವನಿಗೆ ಹೊಟ್ಟೆನೋವು ಬಂತು. ಊಟ ಸೇರದಾಯಿತು. ಕರೆಂಟ್ ಬಿಲ್ಲಿನ ಕಚೇರಿಯಲ್ಲಿದ್ದ ಅವನ ತಮ್ಮ ಆಸ್ಪತ್ರೆಗೆ ಕರೆದುಕೊಂಡು ಹೋದ. ಪರೀಕ್ಷೆಗಳಾದವು. ಡಾಕ್ಟರು ಹೇಳಿದ್ದನ್ನು ತಮ್ಮನೊಬ್ಬನೇ ಒಳಗೆ ಕೂತು ಕೇಳಿದ. ಹೊರಗೆ ಬಂದು ಅಣ್ಣನ ಬೆನ್ನು ತಟ್ಟಿ, “ಏನಿಲ್ಲ ಬಿಡಣ್ಣ, ಸಣ್ಣ ಹುಣ್ಣು. ಬರೋ ತಿಂಗಳು ಒಂದು ಸಣ್ಣ ಆಪರೇಷನ್ ಮಾಡಿದ್ರೆ ಮುಗೀತು” ಅಂದ.

ನಿಜ ಏನೆಂದರೆ, ನನಗೆ ಅದು ತಿಳಿದದ್ದು ಆಮೇಲೆ, ಅದು ಹೊಟ್ಟೆಯ ಕ್ಯಾನ್ಸರ್. ಲಿವರಿಗೂ ಹಬ್ಬಿತ್ತು. ಆಪರೇಷನ್ ಮಾಡಿದರೆ ಒಂದಷ್ಟು ಕಾಲ ಹೆಚ್ಚು ಸಿಗಬಹುದು, ಅದೂ ಬಹುಪಾಲು ಆಸ್ಪತ್ರೆಯ ಹಾಸಿಗೆಯಲ್ಲಿ, ಮೂಗಿಗೆ ಕೊಳವೆ ಹಾಕಿಕೊಂಡು. ಮಾಡದಿದ್ದರೆ ಇನ್ನೂ ಕಡಿಮೆ ಕಾಲ, ಆದರೆ ಮನೆಯಲ್ಲಿ. ಎರಡರಲ್ಲೂ ವಾಸಿ ಆಗುವುದಿಲ್ಲ. ಯಾವುದು ಬೇಕು ಎಂದು ಕೇಳಬೇಕಾದದ್ದು ಹೊಟ್ಟೆಯ ಯಜಮಾನನನ್ನು. ಆದರೆ ಉತ್ತರ ಕೊಟ್ಟವನು ಕರೆಂಟ್ ಬಿಲ್ಲಿನವನು! “ಅಣ್ಣನಿಗೆ ತಿಳಿದರೆ ಎದೆ ಒಡೆದುಕೊಳ್ಳುತ್ತಾನೆ” ಎಂದು ಅತ್ತಿಗೆಯಿಂದ ಆಣೆ ಮಾಡಿಸಿಕೊಂಡ. ನನಗೆ ಮಾತ್ರ ಹೇಳಲಿಲ್ಲ. ನನ್ನ ಬಾಯಲ್ಲಿ ಗುಟ್ಟು ಜರಡಿಯಲ್ಲಿ ನೀರು ಇದ್ದ ಹಾಗೆ ಎಂದು ಅವನಿಗೆ ಗೊತ್ತಿತ್ತು. ಬುದ್ಧಿವಂತ, ಹಾಳಾದವನು.

ಆಮೇಲೆ ಮೇಲಿನ ಮನೆಯ ಮಾತಿಗೆಲ್ಲ ಜೇನು ಸವರಿದಂತಾಯಿತು. ಜಗಳ ನಿಂತಿತು. ನನ್ನ ಟೀ ರುಚಿ ಕಳೆದುಕೊಂಡಿತು.

ಒಂದು ದಿನ ಮಾಸ್ಟರ್ ನನ್ನ ಅಂಗಡಿಗೆ ಬಂದು ಕೂತ. ಮುಖ ಸುಟ್ಟ ಬದನೆಕಾಯಿ.

“ಲೋ ಮುದುಕ, ನನ್ನ ಹೆಂಡ್ತಿಗೆ ಏನೋ ಆಗಿದೆ ಕಣೋ.”

“ಏನಾಯ್ತೋ?”

“ಟೀಗೆ ಸಕ್ಕರೆ ಸುರಿದಿದ್ದೀಯಾ, ಇರುವೆ ಸಾಕ್ತೀಯಾ ಅಂದೆ. ‘ತಪ್ಪಾಯ್ತು ರೀ’ ಅಂದ್ಲು! ಬೇಕಂತಲೇ ಅವಳ ತವರಿನವರನ್ನ ಬೈದೆ. ‘ಹೂಂ’ ಅಂದ್ಲು! ತವರಿಗೆ ಬೈದ್ರೆ ಹೂಂ ಅನ್ನೋ ಹೆಂಗಸನ್ನ ನೋಡಿದ್ದೀಯಾ ನೀನು?”

“ಡಾಕ್ಟರಿಗೆ ತೋರಿಸಬೇಕಾದ್ದು ಅವಳನ್ನೇ ಹಾಗಾದ್ರೆ” ಅಂದೆ. ಆದರೆ ಅವನ ಕುತ್ತಿಗೆಯ ಮೂಳೆ ಕಂಡು ನನ್ನ ನಗು ಅರ್ಧಕ್ಕೇ ನಿಂತಿತು. “ನೀನು ಇಳಿದುಹೋಗಿದ್ದೀಯ ಕಣೋ.”

“ಇಳಿದಿದ್ದೀನಾ? ನೋಡಿಲ್ಲಿ!” ಎದ್ದು ನಿಂತು ಪ್ಯಾಂಟಿನ ಸೊಂಟಪಟ್ಟಿಗೆ ಬೆರಳು ತೂರಿಸಲು ನೋಡಿದ. ತೂರಲಿಲ್ಲ. “ಹೋದ ವರ್ಷ ಹೇಗೆ ಕೂತಿತ್ತೋ ಇವತ್ತೂ ಹಾಗೇ ಕೂತಿದೆ. ಮನುಷ್ಯ ಸುಳ್ಳು ಹೇಳ್ತಾನೆ, ಪ್ಯಾಂಟು ಹೇಳಲ್ಲ.”

ಆ ಪ್ಯಾಂಟು ಅವನ ಮರ್ಯಾದೆಯನ್ನು ಮರುದಿನವೇ ತೆಗೆಯಿತು. ಗಿರಾಕಿಯೊಬ್ಬನ ಕಾಲಿನ ಅಳತೆಗೆ ಬಗ್ಗಿದಾಗ ಹಿಂಬದಿಯಲ್ಲಿ ‘ಪರ್’ ಎಂದು ಶಬ್ದವಾಯಿತು. ನಾನು ಅಲ್ಲೇ ಇದ್ದೆ. ಮಾಸ್ಟರ್ ಹೊಲಿದದ್ದು ಹರಿಯುವುದೆಂದರೆ ಸೂರ್ಯ ರಜೆ ಹಾಕಿದ ಹಾಗೆ. ಅವನು ಹಿಂದೆ ಕೈಯಾಡಿಸಿದ, ಏನೋ ಗಂಟು ಸಿಕ್ಕಿತು, ಟ್ರಯಲ್ ನೋಡುವ ಪರದೆಯ ಹಿಂದೆ ಹೋದ. ಪ್ಯಾಂಟು ತೆಗೆದು ಒಳಗನ್ನು ಹೊರಗೆ ಮಾಡಿದ.

ಹೊರಗೆ ಬರಲೇ ಇಲ್ಲ. ಪರದೆ ಸರಿಸಿ ನೋಡಿದೆ. ಹಿಂದಿನ ಹೊಲಿಗೆಯ ಒಳಬದಿಗೆ ಒಂದು ಕೈಹೊಲಿಗೆ. ಅದರ ಒಳಗೆ ಇನ್ನೊಂದು. ಅದರ ಒಳಗೆ ಮತ್ತೊಂದು. ಅವನು ಕರಗಿದಷ್ಟೂ ಯಾರೋ ಪ್ಯಾಂಟನ್ನು ಒಳಗೆ ಹಿಡಿಯುತ್ತ ಬಂದಿದ್ದರು, ಅವನಿಗೆ ಗೊತ್ತಾಗಬಾರದೆಂದು. ಗೋಡೆಗೆ ನೇತುಹಾಕಿದ್ದ ಕನ್ನಡಿಯಲ್ಲಿ ತನ್ನ ತೊಡೆಗಳನ್ನು ನೋಡಿಕೊಂಡ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ; ಪಾಪ, ಅವನಿಗೆ ಬೇಕಾಯಿತು.

ಯಾರದೋ ಕೋಟಿನ ಬಟ್ಟೆಯನ್ನು ಸೊಂಟಕ್ಕೆ ಸುತ್ತಿಕೊಂಡು, ಪ್ಯಾಂಟನ್ನು ಸತ್ತ ಹಾವಿನಂತೆ ಹಿಡಿದು ಮೆಟ್ಟಿಲು ಹತ್ತಿದ. ಬಟ್ಟೆ ಜಾರಿದರೆ ಹಿಡಿಯಲು ಒಬ್ಬ ಬೇಕಲ್ಲ ಎಂದು ನಾನೂ ಹಿಂದೆಯೇ ಹೋದೆ. ಮೇಲೆ ತಮ್ಮ ಆಸ್ಪತ್ರೆಯ ಚೀಲಕ್ಕೆ ಟವೆಲ್ಲು, ಫ್ಲಾಸ್ಕು ತುಂಬುತ್ತಿದ್ದ. ಹೆಂಡತಿ ಒಲೆಯ ಮುಂದೆ ಇದ್ದಳು.

ಪ್ಯಾಂಟು ಊಟದ ಮೇಜಿನ ಮೇಲೆ ಬಿತ್ತು.

“ಯಾರ ಕೆಲಸ ಇದು? ಇಲಿ ಹಲ್ಲಲ್ಲಿ ಹೊಲಿದ ಹಾಗಿದೆ!”

“ನಂದೇ” ಎಂದಳು ಹೆಂಡತಿ, ತಿರುಗದೆ.

“ಯಾಕೆ?”

“ಲೂಸ್ ಆಗಿತ್ತು.”

“ಲೂಸ್ ಆದ್ರೆ ನಾನೊಬ್ಬ ದರ್ಜಿ ಬದುಕಿಲ್ವಾ ಈ ಮನೇಲಿ? ನನಗೆ ಹೇಳೋಕೇನು ಧಾಡಿ?”

ತಮ್ಮ ನಡುವೆ ಬಂದ. “ಅಣ್ಣ, ಟೆನ್ಷನ್ ಮಾಡ್ಕೋಬೇಡ, ಕೂತ್ಕೋ. ಸಣ್ಣ ಹುಣ್ಣು...”

“ಸಣ್ಣ ಹುಣ್ಣು ಮನುಷ್ಯನನ್ನ ಮೂರು ಸಲ ಒಳಗೆ ಹಿಡಿಯುತ್ತೇನೋ? ಚಿಕ್ಕವನಿದ್ದಾಗ ಮೂಗು ಒರೆಸಿದ್ದು ನಾನು ನಿಂಗೆ. ಈಗ ನೀನು ನನ್ನ ಮೂಗಿಗೆ ತುಪ್ಪ ಸವರ್ತೀಯಾ?” ಹೆಂಡತಿಯ ಕಡೆ ತಿರುಗಿದ. “ನೀನು ಹೇಳು. ನಾನು ಸಾಯ್ತೀನಾ?”

“ಅತ್ತಿಗೆ, ಮಾತಾಡ್ಬೇಡಿ” ಅಂದ ತಮ್ಮ.

ಅದೇ ತಪ್ಪಾಯಿತು ನೋಡಿ. ಆ ಹೆಂಗಸಿಗೆ ಮಾತಾಡಬೇಡ ಎಂದವರು ಅದುವರೆಗೆ ಹುಟ್ಟಿರಲಿಲ್ಲ. ಕೈಯಲ್ಲಿದ್ದ ಸೌಟು ಗೋಡೆಗೆ ಬಡಿಯಿತು.

“ನೀನು ಬಾಯ್ಮುಚ್ಚಪ್ಪಾ, ಇಷ್ಟು ದಿನ ನನ್ನ ಬಾಯಿ ಹೊಲಿದಿದ್ದು ಸಾಕು!” ಎಂದವಳೇ ಗಂಡನ ಎದುರು ನಿಂತಳು. “ಹೌದು ರೀ, ಸಾಯ್ತೀರಿ! ಕ್ಯಾನ್ಸರ್. ಲಿವರಿಗೂ ಹೋಗಿದೆ. ಕೊಯ್ದರೂ ವಾಸಿ ಆಗಲ್ಲ. ಸಾಕಾ? ನೀವು ಊಟ ಬಿಟ್ಟು ಏಳ್ತೀರಿ, ನಾನು ನಲ್ಲಿ ಬಿಟ್ಕೊಂಡು ಪಾತ್ರೆ ತೊಳೆಯೋ ನೆಪದಲ್ಲಿ ಅಳ್ತೀನಿ. ನನ್ನನ್ನ ಒಬ್ಬಳನ್ನೇ ಬಿಟ್ಟು ಹೋಗ್ತೀರಲ್ಲ, ನಿಮ್ಮ ಮೇಲೆ ಮೈಯೆಲ್ಲಾ ಉರಿಯೋ ಅಷ್ಟು ಕೋಪ ಇದೆ ನಂಗೆ. ಅದನ್ನೂ ಹೇಳೋ ಹಾಗಿಲ್ಲ! ನಿಮ್ಮ ಜೊತೆ ಜಗಳ ಆಡೋ ಹಾಗಿಲ್ಲ, ನಿಮ್ಮ ಮುಂದೆ ಅಳೋ ಹಾಗಿಲ್ಲ. ನೀವು ಇನ್ನೂ ಬದುಕಿರುವಾಗಲೇ ನನ್ನನ್ನ ಒಂಟಿ ಮಾಡಿದ್ರಿ ಎಲ್ಲಾ ಸೇರ್ಕೊಂಡು!”

ಮಾಸ್ಟರ್ ಕುರ್ಚಿ ಹುಡುಕಿ ಕೂತ.

“ಅಬ್ಬಾ” ಎಂದ ಕೊನೆಗೆ. “ಎಷ್ಟು ದಿನ ಆಗಿತ್ತು ನೀನು ನನ್ನ ಬೈದು.” ಆಮೇಲೆ ಮುಖ ಮುಚ್ಚಿಕೊಂಡು ಅತ್ತ. ಆಕೆಯೂ ಅತ್ತಳು. ತಮ್ಮ ಫ್ಲಾಸ್ಕಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದ.

ಮರುದಿನ ಗಂಡ ಹೆಂಡತಿ ಇಬ್ಬರೇ ಆಸ್ಪತ್ರೆಗೆ ಹೋದರು. ಕೊಡೆ ಹಿಡಿಯಲು ನಾನು. ಮಳೆ ಇರಲಿಲ್ಲ, ಆದರೂ ಹೋದೆ. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು.

“ನಿಮ್ಮ ತಮ್ಮ ಹೇಳಬೇಡಿ ಅಂದ್ರು” ಎಂದರು.

“ಅಲ್ಲಮ್ಮಾ, ಬಟ್ಟೆ ನಂದು. ಟ್ರಯಲ್ ಅವನಿಗೆ ಕೊಟ್ಟಿದ್ದೀರಾ?”

ಅವರ ಮುಖ ಕೆಂಪಾಯಿತು. “ನಾನು ಒಪ್ಪಬಾರದಿತ್ತು. ಕೇಳಿ, ಏನು ಕೇಳಿದ್ರೂ ಹೇಳ್ತೀನಿ.”

ಅವನು ಎಲ್ಲವನ್ನೂ ಕೇಳಿದ. ಎಲ್ಲಿ ನೋಯುತ್ತದೆ, ಎಷ್ಟು, ಅದಕ್ಕೆ ಏನು ಕೊಡುತ್ತೀರಿ, ಕೊನೆಗೆ ನನಗೆ ನಾನು ಯಾರೆಂದು ಗೊತ್ತಿರುತ್ತದೋ ಇಲ್ಲವೋ. ಅವರು ಗೊತ್ತಿದ್ದದ್ದನ್ನು ಗೊತ್ತು ಎಂದರು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರು. ಹೆಂಡತಿ ಕೇಳಿದ್ದು ಒಂದೇ: “ಮನೇಲಿ ನಾನೊಬ್ಬಳೇ ನೋಡ್ಕೊಳ್ಳೋಕಾಗುತ್ತಾ?” ಯಾವಾಗ ಫೋನು ಮಾಡಬೇಕು, ನೋವಿನ ಔಷಧಿ ಹೇಗೆ ಕೊಡಬೇಕು ಎಂದು ಅವರು ಕಲಿಸಿಕೊಟ್ಟರು. ಆಪರೇಷನ್ ಬೇಡ ಎಂದು ಇಬ್ಬರೂ ಸೇರಿ ಹೇಳಿ ಬಂದರು.

ತಮ್ಮ ಹಾರಾಡಿದ. “ಜನ ಏನಂತಾರೆ? ಅಣ್ಣನಿಗೆ ಚಿಕಿತ್ಸೆ ಕೊಡಿಸಲಿಲ್ಲ ಅಂತಾರೆ!”

“ಹಾಗಾದ್ರೆ ಜನದ ಹೊಟ್ಟೆ ಕೊಯ್ಸು” ಅಂದ ಮಾಸ್ಟರ್.

ತಮ್ಮ ಹೋದವನು ಬಹಳ ದಿನ ಈ ಕಡೆ ತಲೆ ಹಾಕಲಿಲ್ಲ.

ಇನ್ನು ಮಾಸ್ಟರ್ ಸಂತನಾದ ಎಂದುಕೊಂಡಿದ್ದರೆ ಆ ಆಸೆ ಬಿಡಿ. “ಸತ್ತ ಮೇಲೆ ಹೇಗೂ ಒಳ್ಳೆಯವನಾಗಿದ್ದ ಅಂತಾರೆ. ಆ ಕೆಲಸ ನಾನ್ಯಾಕೆ ಮಾಡ್ಲಿ?” ಎನ್ನುತ್ತಿದ್ದ. ಮಂಚ ಅಂಗಡಿಗೇ ಇಳಿಯಿತು. ಮಲಗಿಕೊಂಡೇ ಗಿರಾಕಿಗಳನ್ನು ಬೈದ. “ಮುಂದಿನ ಚಳಿಗೆ ಕೋಟಾ? ಬೇರೆ ಕಡೆ ಕೊಡಿ, ನಾನಿರಲ್ಲ.”

“ಬಿಡ್ತು ಅನ್ನಿ ಮಾಸ್ಟ್ರೇ!”

“ನೂರು ಸಲ ಅಂದೆ ಸ್ವಾಮಿ, ಬಿಡ್ತಾ ಇಲ್ಲ. ನೀವೇ ಒಂದು ಮಾತು ಹೇಳಿ ನೋಡಿ, ನಿಮ್ಮ ಮರ್ಯಾದೆಗೆ ಬಿಟ್ಟೀತು.”

ಕೆಲವರು ಓಡಿಹೋದರು. ಕೆಲವರು ಕುರ್ಚಿ ಎಳೆದುಕೊಂಡು ಕೂತರು, ಭಯ ಆಗುತ್ತಾ ಎಂದು ಕೇಳಿದರು. ಆಗುತ್ತೆ ಎನ್ನುತ್ತಿದ್ದ, ಅದರಲ್ಲೂ ಮಧ್ಯಾಹ್ನ, ಬೀದಿ ಖಾಲಿ ಇರುವಾಗ. ಹಾಗಾಗಿ ಮಧ್ಯಾಹ್ನ ನಾನು ಹೋಗಿ ಕೂರತೊಡಗಿದೆ. ಹೆಂಡತಿಗೆ ಮೆಷಿನ್ ಕಲಿಸಿದ. ಆಕೆಯ ಹೊಲಿಗೆ ನೋಡಿ, “ಇದು ಹೊಲಿಗೆಯಾ, ಕುಡುಕನ ದಾರಿಯಾ?” ಎಂದರೆ, “ಕುಡುಕರ ಜೊತೆ ಸಂಸಾರ ಮಾಡಿದ್ರೂ ಇಷ್ಟು ಬೈಗುಳ ಬರ್ತಿರಲಿಲ್ಲ!” ಎಂದು ಆಕೆ. ಒಂದಕ್ಕೆ ಮೂರು, ಮೊದಲಿನ ಹಾಗೆ. ಕೆಲವು ದಿನ ನೋವು ಔಷಧಿಯನ್ನೂ ಮೀರಿ ಬರುತ್ತಿತ್ತು; ಆಗ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದ. ನನ್ನ ಒಂದು ಕೊಡೆ ಹೋಯಿತು. ಆಕೆ ಎತ್ತಿಡುತ್ತಿದ್ದಳು, ಬೈಯುತ್ತಿದ್ದಳು, ಬೆನ್ನು ನೀವುತ್ತಿದ್ದಳು. ಅಂಗಡಿ ಮಾರಬೇಕೋ ಬೇಡವೋ, ಒಬ್ಬಳೇ ಹೇಗೆ ಇರುವುದು, ಇವನ ಯಾವ ಮಾತು ಆಕೆಗೆ ಇನ್ನೂ ಚುಚ್ಚುತ್ತದೆ, ಎಲ್ಲ ಮಾತಾಡಿಕೊಂಡರು. ಹಾಗೆಯೇ ಒಂದು ಬೆಳಿಗ್ಗೆ, ದಿಂಬು ಸರಿಯಿಲ್ಲ ಎಂದು ಗೊಣಗಿ, ಆಕೆ ಸರಿಮಾಡಿದ ಮೇಲೆ, ಹೋದ.

ಮನೆ ತುಂಬ ಜನ. ತಮ್ಮ ಬಾಗಿಲಲ್ಲೇ ನಿಂತು ದೂರದಿಂದ ಬಂದ ನೆಂಟರಿಗೆಲ್ಲ ಮೆಲುದನಿಯಲ್ಲಿ ಹೇಳುತ್ತಿದ್ದ: “ಪುಣ್ಯವಂತ. ಕೊನೇವರೆಗೂ ಅಣ್ಣನಿಗೆ ಏನೂ ಗೊತ್ತಾಗಲಿಲ್ಲ. ನಿದ್ದೆ ಬಂದ ಹಾಗೆ ಹೋದ.” ಕೇಳಿದವರು, “ಅಂಥ ಸಾವು ಯಾರಿಗುಂಟು” ಎಂದು ತಲೆಯಾಡಿಸುತ್ತಿದ್ದರು. ನನ್ನ ರಕ್ತ ಕುದಿಯಿತು. ನಾನು ಏಳುವಷ್ಟರಲ್ಲಿ ಆಕೆ ಎದ್ದಿದ್ದಳು.

“ಗೊತ್ತಿತ್ತು” ಎಂದಳು. “ಎಲ್ಲಾ ಗೊತ್ತಿತ್ತು ಅವರಿಗೆ. ಹೆದರಿದ್ರು, ಅತ್ರು, ನನ್ನ ಜೊತೆ ಜಗಳ ಆಡಿದ್ರು, ತಮಗೆ ಏನು ಬೇಕೋ ತಾವೇ ಹೇಳಿದ್ರು. ಗಟ್ಟಿಗರು ಮಾಡೋ ಕೆಲಸ ಅದು. ಅದನ್ನೆಲ್ಲ ಮಾಡಿ ಹೋಗಿದ್ದಾರೆ ನಿಮ್ಮಣ್ಣ. ನಿದ್ದೆ ಗಿದ್ದೆ ಅಂತ ಹೇಳಿ ಅದನ್ನ ಅವರ ಕೈಯಿಂದ ಕಿತ್ಕೋಬೇಡ!”

“ಅತ್ತಿಗೆ, ಜನರ ಮುಂದೆ...”

“ಜನರ ಮುಂದೆಯೇ!”

ತಮ್ಮ ಹೊರಗೆ ಹೋಗಿ, ಬಂದವರ ಚಪ್ಪಲಿಗಳನ್ನು ಸಾಲಾಗಿ ಜೋಡಿಸತೊಡಗಿದ. ಯಾರೂ ಹೇಳಿರಲಿಲ್ಲ.

ಮೂಲೆಯಲ್ಲಿ ಪೋಸ್ಟಾಫೀಸಿನ ನಿವೃತ್ತ ಹೆಂಗಸೊಬ್ಬರು ಕೂತಿದ್ದರು. ಅವರಿಗೂ ಯಾವುದೋ ಕಾಯಿಲೆ ಎಂದೂ, ಮಕ್ಕಳು ಬಾಯಿ ಬಿಡುತ್ತಿಲ್ಲ ಎಂದೂ ಬೀದಿಗೆಲ್ಲ ಗೊತ್ತಿತ್ತು. ಅವರು ಮಗನ ಕೈ ಕೊಡವಿಕೊಂಡು, ಕುರ್ಚಿಯನ್ನು ಕರಕರ ಎಳೆಯುತ್ತ ಆಕೆಯ ಎದುರಿಗೆ ತಂದು ಹಾಕಿಕೊಂಡರು.

“ಹೇಳಮ್ಮಾ” ಎಂದರು. “ಹೆದರಿಕೆ ಬಂದಾಗ ಏನ್ ಮಾಡ್ತಿದ್ರು ಅವರು?”