ಕೆರೆಯ ಹಿಂದೆ ಇಳಿಯದ ಬೆಳಕು

ಲ್ಯಾಕ್ಟೋಮೀಟರ್ ನೋಡುವಾಗ ಅವರು ಬಲಗಣ್ಣು ಮುಚ್ಚಿ, ಮೊಣಕಾಲು ಮಡಿಸಿ, ಎಡಗಣ್ಣನ್ನು ಸರಿಯಾಗಿ ಹಾಲಿನ ಮಟ್ಟಕ್ಕೆ ತರುತ್ತಿದ್ದರು. ಮೊಣಕಾಲು ಲಟಕ್ಕೆನ್ನುತ್ತಿತ್ತು. ತೇಲುತ್ತಿದ್ದ ಗಾಜಿನ ಕೊಳವೆ ಅಲ್ಲಾಡುವುದು ಪೂರ್ತಿ ನಿಲ್ಲುವ ತನಕ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಹಿಂದೆ ಕ್ಯಾನು ಹಿಡಿದು ನಿಂತವರು ಎಷ್ಟು ಗೊಣಗಿದರೂ ಅಷ್ಟೇ, ಡೈರಿಯ ಅಧ್ಯಕ್ಷರೇ ಬಂದು ನಿಂತರೂ ಅಷ್ಟೇ.

ತಾಂಡವಪುರದ ಹತ್ತಿರ ನಮ್ಮೂರು. ಅಲ್ಲಿನ ಹಾಲಿನ ಡೈರಿಯಲ್ಲಿ ಅವರು ಟೆಸ್ಟರ್, ಹಾಲಿಗೆ ನೀರು ಬೆರೆತಿದೆಯೇ ಎಂದು ನೋಡುವವರು. ರಕ್ತಸಂಬಂಧ ಏನಿಲ್ಲ, ಊರಿನ ವರಸೆಯಲ್ಲಿ ನನಗೆ ಮಾವ. ಅವರದೊಂದು ಪದ್ಧತಿ ಇತ್ತು. ದಿನಾ ಎಲ್ಲರಿಗಿಂತ ಮೊದಲು ತಮ್ಮ ಮನೆಯ ಹಾಲನ್ನೇ ಎಲ್ಲರ ಎದುರಿಗೆ ಟೆಸ್ಟ್ ಮಾಡುತ್ತಿದ್ದರು. ಒಂದು ಸಲ ರೀಡಿಂಗ್ ಕಡಿಮೆ ಬಂತೆಂದು ಅದನ್ನು ವಾಪಸ್ಸು ಮನೆಗೆ ಕಳಿಸಿದ್ದಕ್ಕೆ ಅತ್ತೆ ಎರಡು ದಿನ ಮಾತು ಬಿಟ್ಟಿದ್ದರು.

ಇಂಥ ಮನುಷ್ಯನಿಗೆ ಒಂದು ಹುಚ್ಚು. ಭೂಮಿ ಬಿಟ್ಟು ಇನ್ನೆಲ್ಲಾದರೂ ಜೀವ ಇದೆಯಾ? ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದವರು, ಆದರೆ ಮಂಗಳದಲ್ಲಿ ಒಂದಾನೊಂದು ಕಾಲಕ್ಕೆ ನೀರು ಹರಿದಿತ್ತು, ಶನಿಯ ಒಂದು ಚಂದ್ರನಲ್ಲಿ ಮಂಜುಗಡ್ಡೆಯ ಕೆಳಗೆ ಸಮುದ್ರ ಇದೆ ಎಂದು ಪೇಪರಿನಲ್ಲಿ ಬಂದದ್ದನ್ನೆಲ್ಲ ಕತ್ತರಿಸಿ ಇಡುತ್ತಿದ್ದರು. ಅರ್ಥವಾಗದ್ದನ್ನು ನನ್ನ ಹತ್ತಿರ ತಂದು ಕೇಳುತ್ತಿದ್ದರು. ಬಿ.ಎಸ್ಸಿ. ಮಾಡಿದ್ದ ನನಗೂ ಅರ್ಥವಾಗುತ್ತಿರಲಿಲ್ಲ, ಆ ಮಾತು ಬೇರೆ. “ಒಂದು ಉಳ ಸಿಕ್ರೂ ಸಾಕು ಕಣವ್ವ, ನಾನು ಓಗಕೆ ಮುಂಚೆ” ಅನ್ನುತ್ತಿದ್ದರು.

ಡಿಗ್ರಿ ಮುಗಿಸಿ ನಾನು ಎರಡು ವರ್ಷ ಮನೆಯಲ್ಲೇ ಕೂತಿದ್ದೆ. ಕೆಲಸ ಇಲ್ಲ, ವಾರಕ್ಕೊಮ್ಮೆ ಯಾರಾದರೂ ಹೆಣ್ಣು ನೋಡಲು ಬರುವರು, ಉಪ್ಪಿಟ್ಟು ತಿಂದು ಹೋಗುವರು. ಅಂಥದೊಂದು ಸಂಜೆ ಡೈರಿಯ ಸಾಲಿನಲ್ಲಿ ನಿಂತಿದ್ದಾಗ ಆಕಾಶದಲ್ಲಿ ಬೆಳಕಿನ ಸಾಲು ಕಾಣಿಸಿತು. ಹತ್ತಾರು ಚುಕ್ಕಿಗಳು, ಒಂದರ ಹಿಂದೆ ಒಂದು, ಚೂರೂ ಸದ್ದಿಲ್ಲ. ಕೆರೆಯ ಕಡೆಗೆ ಹೋಗುತ್ತ ಹೋಗುತ್ತ ನಡು ಆಕಾಶ ದಾಟಿ ಒಂದೊಂದಾಗಿ ಮಾಯವಾದವು. ನಾನು ವಿಡಿಯೋ ಮಾಡಿ, ‘ನಮ್ಮೂರ ಕೆರೆಯ ಹಿಂದೆ ಇಳಿದ ಹಾರುವ ತಟ್ಟೆ’ ಎಂದು ಹೆಸರಿಟ್ಟು ಫೋನಿನಲ್ಲಿ ಹಾಕಿಬಿಟ್ಟೆ. ಇಳಿದದ್ದನ್ನು ನಾನು ಕಂಡಿರಲಿಲ್ಲ. ಮಾಯವಾಯಿತು ಅಂದರೆ ಯಾರು ನೋಡುತ್ತಾರೆ?

ಬೆಳಗಾಗುವುದರೊಳಗೆ ಅದು ಎಲ್ಲರ ಫೋನಿನಲ್ಲೂ ಇತ್ತು. ಟಿವಿ ಚಾನೆಲ್ಲೊಂದರಿಂದ ಒಬ್ಬರು ಕರೆ ಮಾಡಿ, ನಾಳೆ ಕ್ಯಾಮೆರಾ ತರುತ್ತೇವೆ, ಇಳಿದದ್ದನ್ನು ಚೆನ್ನಾಗಿ ವಿವರಿಸಿ, ನಿಮ್ಮಂಥವರು ನಮ್ಮ ಮೈಸೂರು ಆಫೀಸಿಗೆ ಬೇಕು ಅಂದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಓಡಿಹೋಗಿ ಮೊದಲು ಹೇಳಿದ್ದು ಮಾವನಿಗೇ. ಅವರಷ್ಟು ಸಂತೋಷಪಡುವವರು ಇನ್ಯಾರಿದ್ದಾರೆ?

ಅವರು ಡೈರಿಯ ಮೆಟ್ಟಿಲ ಮೇಲೆ ಕೂತಿದ್ದರು. ಮೊಣಕಾಲಿನ ತನಕ ಕೆಸರು. ಬೆಳಕು ಹರಿಯುವ ಮುಂಚೆ ಒಬ್ಬರೇ ಕೆರೆಯ ಹಿಂದೆಲ್ಲ ಸುತ್ತಿ ಬಂದಿದ್ದರಂತೆ, ಏನಾದರೂ ಇದ್ದರೆ ಅಂತ. ಎಮ್ಮೆಯ ಹೆಜ್ಜೆ ಬಿಟ್ಟರೆ ಏನೂ ಇರಲಿಲ್ಲ.

“ಇಳ್ದಿದ್ದ ನೀನು ಕಂಡ್ಯಾ?” ಅಂದರು.

ನಾಳೆ ಟಿವಿಯವರು ಬರುತ್ತಾರೆ ಮಾವ, ಅಂದೆ. ಅವರು ಫೋನು ಕೈಗೆತ್ತಿಕೊಂಡರು. ಸಂಜೆಯ ಆ ಹೊತ್ತಿಗೆ ಎಲ್ಲ ಊರಿನ ಡೈರಿಯ ಮುಂದೂ ಜನ ನಿಂತಿರುತ್ತಾರೆ, ಎಲ್ಲ ಕಡೆಯ ಟೆಸ್ಟರುಗಳೂ ಅವರಿಗೆ ಗೊತ್ತು. ನಮಗೆ ಮೂಡಲಿಗಿರುವ ಹೆಡತಲೆ, ತಗಡೂರು, ಇನ್ನೂ ಅತ್ತ ನರಸೀಪುರದ ಹತ್ತಿರದ ಎರಡು ಊರು, ಅಲ್ಲಿನ ಒಬ್ಬೊಬ್ಬರನ್ನೂ ಕೇಳಿದ್ದು ಮೂರೇ ಪ್ರಶ್ನೆ: ಎಷ್ಟು ಹೊತ್ತಿಗೆ, ಯಾವ ಕಡೆಯಿಂದ, ಯಾವ ಕಡೆಗೆ. ತಟ್ಟೆ, ಕೆರೆ ಎಂಬ ಮಾತನ್ನು ಅಪ್ಪಿತಪ್ಪಿಯೂ ಎತ್ತಲಿಲ್ಲ. ಎಲ್ಲರೂ ಹೇಳಿದ್ದು ಹೆಚ್ಚು ಕಡಿಮೆ ಒಂದೇ ಹೊತ್ತು. ಆದರೆ ನಮ್ಮೂರವರು ಅದು ಹೆಡತಲೆ ಕಡೆಗೆ ಹೋಯಿತು ಅಂದರೆ, ಹೆಡತಲೆಯವರು ನರಸೀಪುರದ ಕಡೆಗೆ ಅಂದರು. ನರಸೀಪುರದವರು, ನಮ್ಮಲ್ಲೇನಿಲ್ಲ, ಇನ್ನೂ ಮೂಡಲಿಗೆ ಹೋಯಿತು ಅಂದರು.

ನಮ್ಮ ಕೆರೆಯ ಹಿಂದೆ ಇಳಿದಿದ್ದರೆ ನರಸೀಪುರದವರಿಗೆ ಅದು ಪಡುವಲಲ್ಲಿ ಇಳಿದಂತೆ ಕಾಣಬೇಕಿತ್ತು. ಎಲ್ಲರಿಗೂ ಒಂದೇ ಥರ ತಲೆಯ ಮೇಲೆ ಹಾದು ಮೂಡಲಿಗೆ ಹೋಗಿದೆ ಅಂದರೆ ಅದು ನಮ್ಮ ತಾಲೂಕಿನ ಆಚೆ ಈಚೆ ಇಳಿಯುವಂಥದ್ದಲ್ಲ, ತುಂಬಾ ತುಂಬಾ ಮೇಲಿತ್ತು. ಇಷ್ಟನ್ನೂ ಅವರು ಕಡ್ಡಿಯಲ್ಲಿ ನೆಲದ ಮೇಲೆ ಗೀಚಿ ತೋರಿಸಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದದ್ದೆಲ್ಲ ಅಂದೆ. ಬೇರೆ ಲೋಕದವರು ಇಲ್ಲ ಅಂತ ನಿಮ್ಮ ಲ್ಯಾಕ್ಟೋಮೀಟರ್ ಹೇಳಿತಾ? ನಾನು ಉದ್ಧಾರವಾಗುವುದು ನಿಮಗೆ ಇಷ್ಟವಿಲ್ಲ, ಹಾಗನ್ನಿ ಅಂದೆ.

ಅವರು ಕೋಪ ಮಾಡಿಕೊಳ್ಳಲಿಲ್ಲ. “ಇಲ್ಲ ಅಂತ ನಾನೆಲ್ಲವ್ವ ಅಂದೆ? ಅವ್ರೆ ಅಂತ್ಲೇ ನನ್ನ ಆಸೆ. ನಮ್ಮನೆ ಆಲ್ನೇ ಯಾಕೆ ಮೊದ್ಲು ನೋಡ್ತೀನಿ ಯೋಳು? ಅದು ಚೆನ್ನಾಗೈತೆ ಅಂತ ನಂಬಕೆ ನಂಗೆ ಆಸೆ ಕಣವ್ವ. ಅದಕ್ಕೇಯ.” ಆಮೇಲೆ ಮೆಲ್ಲಗೆ ಅಂದರು, “ನಾಳೆ ಎಷ್ಟು ಕಂಡ್ಯೋ ಅಷ್ಟು ಯೋಳು. ಕೆಲ್ಸ ಓದ್ರೆ ಓಯ್ತದೆ.”

ಕೆಲಸ ಹೋಗುವುದು ಅವರದಲ್ಲವಲ್ಲ! ರಾತ್ರಿ ಆ ವಿಡಿಯೋವನ್ನು ಮತ್ತೆ ಮತ್ತೆ ನೋಡಿದೆ, ಇಳಿದದ್ದು ಅದರಲ್ಲಿ ಎಲ್ಲೂ ಇರಲಿಲ್ಲ.

ಮಾರನೆ ದಿನ ಕ್ಯಾಮೆರಾ ಬಂತು, ಅರ್ಧ ಊರು ಸೇರಿತು. ಬೆಳಕಿನ ಸಾಲು ಕಂಡೆ, ಮಾಯವಾಯಿತು, ಇಳಿದದ್ದು ನಾನು ಸೇರಿಸಿದ ಸುಳ್ಳು ಎಂದು ಹೇಳಿದೆ. ಟೆಸ್ಟರುಗಳು ಹೇಳಿದ ಹೊತ್ತು, ದಿಕ್ಕುಗಳನ್ನೂ ಹೇಳತೊಡಗಿದೆ. ಅಷ್ಟರಲ್ಲಿ ಕ್ಯಾಮೆರಾ ಆಫ್ ಆಗಿತ್ತು. ಆ ಚಾನೆಲ್ಲಿನವರು ಮತ್ತೆ ನನಗೆ ಫೋನ್ ಮಾಡಲಿಲ್ಲ. ಊರಿನ ಹೆಸರು ಟಿವಿಯಲ್ಲಿ ಬರುವುದನ್ನು ಕೆಡಿಸಿದ ಎಂದು ಜನ ಮಾವನನ್ನು ಕಂಡರೂ ಮುಖ ಸಿಂಡರಿಸಿದರು. ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಅವು ಒಟ್ಟಿಗೆ ಹಾರಿಬಿಟ್ಟ ಉಪಗ್ರಹಗಳು ಎಂದು ವಾರದ ಮೇಲೆ ಪೇಪರಿನಲ್ಲಿ ಬಂದಾಗ ಅದನ್ನೂ ಕತ್ತರಿಸಿ ಇಟ್ಟರು. ಅವತ್ತು ಮಾತ್ರ ಅವರ ಮುಖ ಸಪ್ಪಗಿತ್ತು.

ಈಗ ನಾನು ನರಸೀಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಬಿ.ಎಡ್. ಅರ್ಜಿಯನ್ನು ಅವರೇ ತಂದು, ನಾನು ತುಂಬುವ ತನಕ ನಮ್ಮ ಜಗಲಿಯಿಂದ ಎದ್ದಿರಲಿಲ್ಲ.

ಕಳೆದ ವರ್ಷ ಅವರ ಎರಡೂ ಕಿಡ್ನಿ ಕೈಕೊಟ್ಟವು. ನೋಡಲು ಹೋದ ಮಧ್ಯಾಹ್ನ ನನ್ನ ಬಳಿ ಒಂದು ಸುದ್ದಿ ಇತ್ತು. ಬಹಳ ದೂರದ ಒಂದು ಗ್ರಹದ ಗಾಳಿಯಲ್ಲಿ, ಇಲ್ಲಿ ಜೀವಿಗಳಿಂದ ಹುಟ್ಟುವ ಒಂದು ಅನಿಲದ ಸುಳಿವು ಇರಬಹುದು ಎಂದು. ಇರಬಹುದು, ಅಷ್ಟೇ. ಅವರ ಕೈ ಒಣಗಿದ ಕಡ್ಡಿಯಾಗಿತ್ತು. ‘ಸಿಕ್ಕಿತು ಮಾವ’ ಅಂದುಬಿಟ್ಟರೆ ಯಾರಿಗೇನು ನಷ್ಟ? ಜೀವಮಾನವೆಲ್ಲ ಕಾದವರು ನಗುತ್ತ ಹೋಗುತ್ತಾರೆ. ಆ ಮಾತು ನಾಲಿಗೆಯ ತುದಿಗೇ ಬಂದಿತ್ತು.

ಹೇಳಲಿಲ್ಲ. ಸುಳಿವು ಅಷ್ಟೇ ಮಾವ, ಸರಿಯೋ ತಪ್ಪೋ ಗೊತ್ತಿಲ್ಲ, ಬೇರೆಯವರು ಮತ್ತೆ ನೋಡುತ್ತಿದ್ದಾರೆ ಅಂದೆ. ಹೇಳುವಾಗ ಅಳು ಬಂತು.

ಅವರು “ನೋಡ್ಲಿ” ಅಂದರು. ಆಮೇಲೆ, “ನೀನು ಸಿಕ್ತು ಅಂದಿದ್ರೆ ನಾನು ನಂಬ್ಬುಡ್ತಿದ್ದೆ ಕಣವ್ವ.”

ಮೂರನೆಯ ದಿನ ಹೋಗಿಬಿಟ್ಟರು. ಆ ಸುದ್ದಿಯ ಬಗ್ಗೆ ವಿಜ್ಞಾನಿಗಳ ಜಗಳ ಇನ್ನೂ ಮುಗಿದಿಲ್ಲ, ನಾನು ಬಿಡದೆ ಓದುತ್ತಿದ್ದೇನೆ. ಎಲ್ಲೋ ಒಂದು ಹುಳ ಸಿಕ್ಕೀತು. ಸಿಕ್ಕಿದ ದಿನ ಅವರ ಸಮಾಧಿಯ ಹತ್ತಿರ ಹೋಗಿ ಹೇಳುತ್ತೇನೆ. ಅದಕ್ಕೆ ಒಂದು ದಿನ ಮುಂಚೆಯೂ ಹೇಳುವುದಿಲ್ಲ.