ಗಂಗರತ್ನಮ್ಮನ ಕೆನ್ನೆ

ಶನಿವಾರ ಬಂತೆಂದರೆ ಐವತ್ತೆಂಟರ ಗಂಗರತ್ನಮ್ಮ ಮಾರಿಕುಪ್ಪಂ ರೈಲಿನಿಂದ ಇಳಿದು, ಬಂಗಾರಪೇಟೆಯ ಅಂಬಿಕಳ ಪಾರ್ಲರಿನಲ್ಲಿ ಮುಖ ಒಪ್ಪಿಸಿ ಕೂರುತ್ತಾರೆ. ಫೇಶಿಯಲ್, ಮಸಾಜ್, ಸುಕ್ಕಿನ ಕ್ರೀಮು, ಯಾವುದನ್ನೂ ಬಿಡುವುದಿಲ್ಲ. ಕೊನೆಗೆ ಅಂಬಿಕ ಹಿಡಿಯುವ ಕನ್ನಡಿಯನ್ನು ಮಾತ್ರ ನೋಡದೆ, ಕಣ್ಣು ಮುಚ್ಚಿ ಬೆರಳಿನಿಂದ ಕೆನ್ನೆ ಸವರಿಕೊಂಡು, “ಇಲ್ಲಿನ್ನೂ ಒರಟೈತಮ್ಮ,” ಅನ್ನುತ್ತಾರೆ. “ಯಾರ್ಗೆ ತೋರ್ಸೋಕಕ್ಕ ಈ ಶೋಕಿ?” ಎಂದು ಅಂಬಿಕ ಈ ವಾರ ಕೆಣಕಿದಳು. “ನಮ್ಮಮ್ಮಂಗೆ,” ಎಂದರು ಗಂಗರತ್ನಮ್ಮ, ನಗದೆ. “ಅವಳಿಗೆ ಕಣ್ಣು ಕಾಣಲ್ಲ. ನನ್ನ ತಂಗಿ ಕಲಾ ಓದ ವರ್ಷ ನಲವತ್ತಕ್ಕೇ ತೀರ್ಕೊಂಡಿದ್ದು ಅವಳಿಗೆ ಗೊತ್ತಿಲ್ಲ. ಇಬ್ರದೂ ಒಂದೇ ದನಿ. ಭಾನುವಾರ ನಾನೇ ಕಲಾ ಆಗಿ ಓಗಿ ಪಕ್ಕದಲ್ಲಿ ಕೂತ್ಕೋತೀನಿ.” ಗಂಗರತ್ನಮ್ಮ ಮತ್ತೆ ಕೆನ್ನೆ ಸವರಿಕೊಂಡರು. “ಓದ ವಾರ ಅಮ್ಮ ನನ್ನ ಕೆನ್ನೆ ಮುಟ್ಟಿ ನೋಡಿ, ‘ಇದೇನ್ಲೇ ಕಲಾ, ನಿನ್ನ ಚರ್ಮದೊಳಗಿಂದ ನಿಮ್ಮಕ್ಕ ಬತ್ತಾವ್ಳಲ್ಲೇ’ ಅಂದ್ಲು.”